ಸ್ಲೀಪರ್ ಬೋಗಿಯವನ ಬಿಲ್ಲೆ

ನಮ್ಮ ಮಿಲ್ಲಿನ ಟೂಲ್ ರೂಮಿನಲ್ಲಿ ಒಂದು ಸ್ಪ್ಯಾನರ್ ಬೇಕಾದರೂ ಬಿಲ್ಲೆ ಕೊಡಬೇಕಿತ್ತು. ಪ್ರತಿ ಫಿಟ್ಟರಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳು. ಸ್ಟೋರಿನವನು ಬಿಲ್ಲೆ ಇಸ್ಕೊಂಡು ಮೊಳೆಗೆ ನೇತುಹಾಕಿದ ಮೇಲೇ ಸ್ಪ್ಯಾನರ್ ಕೈಗೆ ಬರೋದು. ಸ್ಪ್ಯಾನರ್ ವಾಪಸ್ ಕೊಟ್ಟರೆ ಬಿಲ್ಲೆ ವಾಪಸ್, ಬಿಲ್ಲೆ ಕಳೆದರೆ ದಂಡ. ಆ ಸ್ಟೋರಿನವನು ನನ್ನ ಸ್ವಂತ ಸೋದರಮಾವನ ಮಗ, ಆದರೂ ಬಿಲ್ಲೆ ಇಲ್ಲದೆ ಒಂದು ನಟ್ಟು ಕೊಟ್ಟವನಲ್ಲ. ಹೀಗೆ ವರ್ಷಗಟ್ಟಲೆ ಬದುಕಿದವನ ಮುಂದೆ ಗುರುತು ಪರಿಚಯ ಇಲ್ಲದ ಮನುಷ್ಯ ರೈಲಿನಲ್ಲಿ ಕೈ ಚಾಚಿ, ಪಾಸ್‌ಪೋರ್ಟು ಟಿಕೆಟ್ಟು ಎರಡೂ ಕೊಡು, ಬೆಳಿಗ್ಗೆ ಕೊಡ್ತೀನಿ ಅಂದರೆ ಹೇಗಾಗಬೇಕು ಹೇಳಿ.

ಇದು ತೊಂಬತ್ತರ ದಶಕದ ನಡುವಿನ ಮಾತು. ನಂಜನಗೂಡಿನ ಹೊರಗೆ ನಮ್ಮದೊಂದು ನೂಲಿನ ಮಿಲ್ಲು. ಹಳೇ ಮೆಷಿನ್ನುಗಳು ಒಂದೊಂದೇ ಮಲಗುತ್ತಾ ಬಂದು ಎರಡನೇ ಪಾಳಿ ಅರ್ಧಕ್ಕರ್ಧ ನಿಂತಿತ್ತು. ಇಟಲಿಯಲ್ಲಿ ಮಿಲಾನ್ ಹತ್ತಿರ ಮುಚ್ಚಿದ ಮಿಲ್ಲೊಂದರ ನೂಲುವ ಮೆಷಿನ್ನು ಮಾರಾಟಕ್ಕಿದೆ ಅಂತ ಮಾಲೀಕರಿಗೆ ಫ್ಯಾಕ್ಸ್ ಬಂತು. ಹೊಸದು ಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ. ಅದನ್ನು ಬಿಚ್ಚಿ ನೋಡಿ ಹೂಂ ಅಥವಾ ಉಹೂಂ ಅನ್ನೋಕೆ ಫಿಟ್ಟರ್ ಆಗಿದ್ದ ನಾನು. ಜೊತೆಗೆ ನೂಲುವ ಖಾತೆಯ ದೊಡ್ಡ ಮೇಸ್ತ್ರಿ, ಟಿ. ನರಸೀಪುರದ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ಒಬ್ಬನನ್ನೇ ಕಳಿಸಿದರೆ ಮೆಷಿನ್ ಮಾರಿಸೋ ಏಜೆಂಟನ ಜೊತೆ ಸೇರಿಕೊಂಡುಬಿಡ್ತಾನೆ ಅನ್ನೋ ಅನುಮಾನಕ್ಕೇ ಮಾಲೀಕರು ಇಬ್ಬರನ್ನು ಕಳಿಸಿದ್ದು. ಹೊರಟಿದ್ದೇ ಅನುಮಾನದಲ್ಲಿ.

ನನಗೆ ಇನ್ನೊಂದು ಭಾರ ಇತ್ತು. ನನ್ನ ತಂಗಿ ಅದೇ ಮಿಲ್ಲಿನಲ್ಲಿ ನಾಲ್ಕು ವರ್ಷದಿಂದ ಬದಲಿ ಕೆಲಸದವಳು. ದಿನಾ ಮಧ್ಯಾಹ್ನ ಕಳಲೆಯಿಂದ ಬಂದು ಗೇಟಿನ ಹತ್ತಿರ ನಿಲ್ಲಬೇಕು. ಯಾರಾದರೂ ರಜಾ ಹಾಕಿದ್ದರೆ ಒಳಗೆ, ಇಲ್ಲದಿದ್ದರೆ ಊಟದ ಡಬ್ಬಿ ಸಮೇತ ವಾಪಸ್. ಈ ಮೆಷಿನ್ ಬಂದು ಓಡಿದರೆ ಅದರ ಮೇಲೆ ನಿಲ್ಲೋ ಹೆಣ್ಣುಮಕ್ಕಳನ್ನ ಪರ್ಮನೆಂಟ್ ಮಾಡ್ತೀನಿ ಅಂತ ಮಾಲೀಕರು ಮಾತು ಕೊಟ್ಟಿದ್ದರು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಹೊರಡುವ ದಿನ ಅವಲಕ್ಕಿ ಚಟ್ನಿಪುಡಿ ಕಟ್ಟಿಕೊಟ್ಟು, "ಅಣ್ಣಾ, ಚೆನ್ನಾಗ್ ನೋಡ್ಕಂಡ್ ಬಾ. ಆ ಮೆಷಿನ್ ನಂದು ಅಂದ್ಕಂಡು ನೋಡು" ಅಂದಿದ್ದಳು.

ಏಜೆಂಟನ ಆಫೀಸು ಜರ್ಮನಿಯ ಮ್ಯೂನಿಕ್‌ನಲ್ಲಿ. ಟೈ ಕಟ್ಟಿದ, ನಗುನಗುತ್ತಾ ಮಾತಾಡುವ ಆಸಾಮಿ. ಮೆಷಿನ್ನು ಪೂರ್ತಿ ಓವರ್‌ಹಾಲ್ ಆಗಿದೆ ಅಂತ ಸೀಲು ಒತ್ತಿದ ಸರ್ಟಿಫಿಕೇಟು ಕೊಟ್ಟ. ಕುಡಿದ ಕಾಫಿಗೂ ರಶೀದಿ ಕೊಟ್ಟ. ಮೇಸ್ತ್ರಿ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಸೀಲು ನೋಡಿ, "ಇವನು ಲೆಕ್ಕದ ಮನ್ಸ ಕಣ್ಲಾ" ಅಂತ ತಲೆದೂಗಿದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಮಿಲ್ಲಿನ ಹತ್ತಿರ ಬನ್ನಿ, ಮಧ್ಯಾಹ್ನ ಬೇರೆ ದೇಶದವರು ನೋಡೋಕೆ ಬರ್ತಾರೆ ಅಂತ ಏಜೆಂಟ ಹೇಳಿದ. ತಾನು ವಿಮಾನದಲ್ಲಿ ಬರುತ್ತೇನೆಂದ. ನಮಗೆ ರಾತ್ರಿ ರೈಲಿನ ಟಿಕೆಟ್ಟು. ಲಾಡ್ಜಿನ ಖರ್ಚು ಉಳಿಯುತ್ತೆ ಅನ್ನೋದು ಮಾಲೀಕರ ಲೆಕ್ಕ.

ಸ್ಟೇಷನ್ನಿಗೆ ಬಿಡಲು ಬಂದ ಏಜೆಂಟನ ಗುಮಾಸ್ತ ಎರಡು ಮಾತು ಹೇಳಿಕೊಟ್ಟ. ಒಂದು, ಈ ರೈಲು ವೆರೋನಾ ಅನ್ನೋ ಕಡೆ ಎರಡು ಭಾಗ ಆಗುತ್ತೆ, ಅರ್ಧ ಬೋಗಿ ಮಿಲಾನಿಗೆ, ಅರ್ಧ ರೋಮಿಗೆ. ಮಲಗಿದ ಬೋಗಿ ಬಿಟ್ಟು ಕದಲಬೇಡಿ. ಎರಡು, ಕಳ್ಳರಿದ್ದಾರೆ. ಬಾಗಿಲ ಸಂದಿನಿಂದ ಏನೋ ಹೊಗೆ ಬಿಟ್ಟು ಮಂಪರು ಹತ್ತಿಸಿ ದೋಚುತ್ತಾರಂತೆ. ಮೊದಲನೆಯದು ನನ್ನ ಕಿವಿಗೆ ಬಿತ್ತು, ಎರಡನೆಯದು ಮೇಸ್ತ್ರಿಯ ಹೊಟ್ಟೆಗಿಳಿಯಿತು.

ನಮ್ಮ ರೈಲಿನ ಹಾಗೆ ತೆರೆದ ಬೋಗಿ ಅಲ್ಲ ಅದು. ಒಂದು ಪಕ್ಕಕ್ಕೆ ಉದ್ದ ಓಣಿ, ಇನ್ನೊಂದು ಪಕ್ಕ ಬಾಗಿಲಿರುವ ಸಣ್ಣ ಸಣ್ಣ ಕೋಣೆಗಳು. ಒಂದೊಂದರಲ್ಲಿ ಆರು ಹಲಗೆ, ಎಡಕ್ಕೆ ಮೂರು, ಬಲಕ್ಕೆ ಮೂರು. ಹಾಸೋಕೆ ಚೀಲದ ಹಾಗೆ ಹೊಲಿದ ಬಿಳೀ ಬಟ್ಟೆ, ಅದರೊಳಗೆ ತೂರಿಕೊಂಡು ಮಲಗಬೇಕು. ಒಂದು ಕಂಬಳಿ, ಅಂಗೈಯಗಲದ ದಿಂಬು. ಮಧ್ಯದ ಹಲಗೆ ಬಿಚ್ಚಿದ ಮೇಲೆ ಕೂರೋಕಾಗಲ್ಲ, ಮಲಗಬೇಕು ಇಲ್ಲಾ ಓಣಿಯಲ್ಲಿ ನಿಲ್ಲಬೇಕು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಅನ್ನೋದಿಲ್ಲ. ನಮ್ಮ ಕೋಣೆಯಲ್ಲಿ ಮೂವರು ಕಾಲೇಜು ಹುಡುಗರು, ಮೇಲಿನ ಹಲಗೆಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ. ನಾವು ಕೆಳಗಿನ ಎರಡರಲ್ಲಿ. ಅಜ್ಜಿ ಏಣಿ ಹಿಡಿದು ನಮ್ಮ ಕಣ್ಮುಂದೆಯೇ ಸರಸರ ಹತ್ತಿ, ಕನ್ನಡಕ ತೆಗೆದು, ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ಮೇಸ್ತ್ರಿ ಸೀಟಿನ ಕೆಳಗೆ ಬಗ್ಗಿ ತಡಕಾಡುತ್ತಿದ್ದರು. "ಇಲ್ಲಿ ಬಳೆ ಇಲ್ವಲ್ಲಾ" ಅಂದರು. ನಮ್ಮ ರೈಲಿನಲ್ಲಿ ಸೀಟಿನಡಿ ಕಬ್ಬಿಣದ ಬಳೆ ಇರುತ್ತಲ್ಲ, ಪೆಟ್ಟಿಗೆಗೆ ಸರಪಳಿ ಹಾಕಿ ಬೀಗ ಜಡಿಯೋಕೆ, ಅದನ್ನ ಹುಡುಕುತ್ತಿದ್ದದ್ದು. ಅವರು ಊರಿಂದಲೇ ಸರಪಳಿ ಬೀಗ ತಂದಿದ್ದರು. ಅಳತೆ ನೋಡೋ ನನ್ನ ಗೇಜುಗಳು, ಸ್ಪ್ಯಾನರ್ ಸೆಟ್ಟು ಎಲ್ಲಾ ಆ ಪೆಟ್ಟಿಗೆಯಲ್ಲೇ ಇದ್ದದ್ದು. ಕಡೆಗೆ ಯಾವುದಕ್ಕೋ ಬಿಗಿದು ಬೀಗ ಹಾಕಿ, ಬೀಗದ ಕೈ ನನಗೆ ಕೊಟ್ಟರು. ನಾನು ಉಡಿದಾರಕ್ಕೆ ಕಟ್ಟಿಕೊಂಡೆ. ಯಾವುದಕ್ಕೆ ಬಿಗಿದರು ಅಂತ ನೋಡಲಿಲ್ಲ.

ಆಗ ಬಂದವನು ಬೋಗಿಯ ಅಟೆಂಡರು. ಅರವತ್ತರ ಹತ್ತಿರದ ಕುಳ್ಳ ಮನುಷ್ಯ, ನೀಲಿ ಕೋಟು, ಎದೆಯ ಮೇಲೆ ನಂಬರಿನ ತಗಡು. ಹುಡುಗರು ಕೇಳುವ ಮುಂಚೆಯೇ ಪಾಸ್‌ಪೋರ್ಟು ತೆಗೆದು ಕೊಟ್ಟರು. ಅಜ್ಜಿ ಮಲಗಿದ್ದಲ್ಲಿಂದಲೇ ಕೈ ಇಳಿಬಿಟ್ಟು ಕೊಟ್ಟರು. ಆಮೇಲೆ ನಮ್ಮ ಕಡೆ ಕೈ ಚಾಚಿದ. ನಾನು ನನ್ನ ಐಟಿಐ ಇಂಗ್ಲಿಷಿನಲ್ಲಿ ಯಾಕೆ ಅಂದೆ. ಅವನು ಅವನ ಇಂಗ್ಲಿಷಿನಲ್ಲಿ, ರಾತ್ರಿ ಎರಡು ಗಡಿ ಬರುತ್ತೆ, ಪೊಲೀಸಿನವರಿಗೆ ನಾನು ತೋರಿಸ್ತೀನಿ, ನೀನು ಮಲಗು ಅಂದ.

"ಕೊಡ್‌ಬ್ಯಾಡ" ಅಂದರು ಮೇಸ್ತ್ರಿ. "ಬಿಲ್ಲೆ ಎಲ್ಲಿ ಕೇಳು."

"ಮೇಸ್ತ್ರೀ, ಇದೇನು ನಮ್ಮ ಟೂಲ್ ರೂಮಾ?"

"ಬಿಲ್ಲೆ ಇಲ್ದೆ ಸ್ಪ್ಯಾನರ್ ಕೊಡಕಿಲ್ಲ, ಇನ್ನು ಪಾಸ್‌ಪೋರ್ಟ್ ಕೊಟ್ಬುಡ್ತೀಯಾ? ಅವನು ಬೆಳಗ್ಗೆ ಇಲ್ಲ ಅಂದ್ರೆ ನಾವು ಯಾರು ಅಂತ ಯಾರಿಗ್ ಗೊತ್ತು? ನೀನು ನಿಮ್ಮವ್ವನ ಮಗ ಅಂತ ಈ ಊರಲ್ಲಿ ಯಾರ್ ಯೋಳ್ತಾರ್ಲಾ?"

ಮಾತು ಸರಿಯಾಗೇ ಕಂಡಿತು. ನನ್ನ ಕೀ ಗೊಂಚಲಿನಲ್ಲಿ ಮಿಲ್ಲಿನ ಬಿಲ್ಲೆಯೊಂದು ಇತ್ತು. ಅದನ್ನು ತೋರಿಸಿ, ಪಾಸ್‌ಪೋರ್ಟು ತೋರಿಸಿ, ಕೊಡೋದು, ನೇತುಹಾಕೋದು, ವಾಪಸ್ ಇಸ್ಕೊಳ್ಳೋದು ಎಲ್ಲಾ ಅಭಿನಯ ಮಾಡಿದೆ. ಹುಡುಗರು ಮುಸಿಮುಸಿ ನಕ್ಕರು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ನನ್ನ ಹಿತ್ತಾಳೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನ ಎದೆಯ ಮೇಲಿದ್ದ ನಂಬರಿನ ತಗಡನ್ನು ಬಿಚ್ಚಿ ನನ್ನ ಅಂಗೈಲಿಟ್ಟ. ಬೆಳಿಗ್ಗೆ, ಅಂತ ಬೆರಳು ತೋರಿಸಿದ. ನಾನು ಇಬ್ಬರ ಪಾಸ್‌ಪೋರ್ಟು, ಟಿಕೆಟ್ಟು ಕೊಟ್ಟೆ.

ಅವನು ಅತ್ತ ಹೋದದ್ದೇ ಮೇಸ್ತ್ರಿಯ ವರಸೆ ಬದಲಾಯಿತು. "ಅಷ್ಟ್ ಸುಲುಭ್ವಾಗಿ ಬಿಚ್ಚಿಕೊಟ್ಟ ಅಂದ್ರೆ ಅದು ಅವನ್ದೇ ಅಂತ ಏನ್ ಗ್ಯಾರಂಟಿ? ಇಂಥವು ಜೇಬ್ ತುಂಬ ಮಡಿಕಂಡಿರ್ತಾನೆ. ನೀನು ಓಗು, ಓಣಿಲಿ ನಿಂತು ಅವನ ಮ್ಯಾಲೊಂದ್ ಕಣ್ ಇಡು. ಒಂದ್ ಗಂಟೆ ತಂಕ ನೀನು, ಆಮೇಲೆ ನಾನು." ಮಿಲ್ಲಿನ ಪಾಳಿ ಇಲ್ಲಿಗೂ ಬಂತು.

ಬೋಗಿಯ ತುದಿಯಲ್ಲಿ ಅವನ ಪುಟ್ಟ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಪಾಸ್‌ಪೋರ್ಟುಗಳನ್ನು ಹಲಗೆ ನಂಬರಿನ ಪ್ರಕಾರ ಜೋಡಿಸಿ, ರಬ್ಬರ್ ಹಾಕಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದನ್ನು ನಾನೇ ನೋಡಿದೆ. ನೋಡಿ ಸಮಾಧಾನ ಆಗಬೇಕಿತ್ತಲ್ಲ, ಆಗಲಿಲ್ಲ. ಇಷ್ಟು ನೀಟಾಗಿ ಜೋಡಿಸೋನು ಹಳೇ ಕಳ್ಳನೇ ಇರಬೇಕು ಅನ್ನಿಸಿತು. ಅನುಮಾನ ಹತ್ತಿತು ಅಂದರೆ ಹಾಗೇ ಅದು, ಸಾಕ್ಷಿ ಯಾವ ಕಡೆ ಬಂದರೂ ತನಗೇ ಎಳೆದುಕೊಳ್ಳುತ್ತೆ.

ಮೊದಲ ಗಡಿಯಲ್ಲಿ ಇಬ್ಬರು ಪೊಲೀಸರು ಹತ್ತಿದರು. ಅವನು ಕಟ್ಟು ಬಿಚ್ಚಿ ತೋರಿಸಿದ. ಅವರು ಟಾರ್ಚು ಬಿಟ್ಟು ಒಂದೊಂದೇ ಮಗುಚಿ, ನಮ್ಮ ಎರಡರಲ್ಲಿ ಮಾತ್ರ ನಿಂತರು. ಒಬ್ಬ ನಮ್ಮ ಕೋಣೆಯ ಕಡೆ ಹೆಜ್ಜೆ ಹಾಕಿದ. ಅಟೆಂಡರು ಅವನ ತೋಳು ಮುಟ್ಟಿ, ನನ್ನ ಕಡೆ ಬೆರಳು ತೋರಿಸಿ, ಇನ್ನೊಬ್ಬರು ಮಲಗಿದ್ದಾರೆ ಅನ್ನೋ ಹಾಗೆ ಕೆನ್ನೆಗೆ ಕೈ ಇಟ್ಟು ತೋರಿಸಿ, ವೀಸಾದ ಹಾಳೆ ತಾನೇ ತೆಗೆದುಕೊಟ್ಟ. ಏನೇನೋ ಹೇಳಿದ. ಅವರು ಹೋದರು. ನನಗೆ ಭಾಷೆ ತಿಳಿಯದು, ನಮ್ಮನ್ನ ಮಾರಾಟಕ್ಕಿಟ್ಟ ಹಾಗೇ ಕಂಡಿತು. ಒಂದು ಗಂಟೆಗೆ ಮೇಸ್ತ್ರಿಯನ್ನು ಎಬ್ಬಿಸೋಕೆ ಹೋದರೆ ಗೊರಕೆ. ಅಲುಗಿಸಿದರೂ ಏಳಲಿಲ್ಲ. ಅವರ ಪಾಳಿಯನ್ನೂ ನಾನೇ ಮಾಡಿದೆ. ಎರಡನೇ ಗಡಿಯಲ್ಲೂ ಅದೇ ನಡೆಯಿತು. ಮಧ್ಯೆ ಅವನು ಒಂದು ಸಲ ಬಂದು, ಹೋಗಿ ಮಲಗು ಅಂತ ಸನ್ನೆ ಮಾಡಿದ. ಕಳ್ಳನಿಗೆ ನಾವು ಮಲಗಿದರೇ ತಾನೇ ಅನುಕೂಲ. ನಾನು ಕದಲಲಿಲ್ಲ.

ಬೆಳಕು ಹರಿಯುವ ಮುಂಚೆ ವೆರೋನಾದಲ್ಲಿ ರೈಲು ನಿಂತಿತು. ಅಟೆಂಡರು ಒಂದು ದೊಡ್ಡ ಚೀಲ ಹೆಗಲಿಗೇರಿಸಿ ಇಳಿದುಬಿಟ್ಟ. ಚೀಲದಲ್ಲಿ ಏನಿರುತ್ತೆ, ನಮ್ಮ ಪಾಸ್‌ಪೋರ್ಟೇ ಇರುತ್ತೆ. ಲುಂಗಿ, ಸ್ವೆಟರು, ಕಾಲಿಗೆ ಬರೀ ಕಾಲುಚೀಲ, ಹಾಗೇ ಇಳಿದು ಹಿಂದೆ ಓಡಿದೆ. ಅವನು ಜನರ ನಡುವೆ ಮರೆಯಾದ. ತಿರುಗಿ ನೋಡುತ್ತೇನೆ, ನಮ್ಮ ಬೋಗಿ ಮೆಲ್ಲಗೆ ಹೊರಟಿದೆ. ಗುಮಾಸ್ತ ಹೇಳಿದ್ದು ಆಗ ನೆನಪಾಯಿತು. ಮೇಸ್ತ್ರಿ, ಗೇಜು, ಸ್ಪ್ಯಾನರು ಎಲ್ಲಾ ಅತ್ತ ಹೋಗುತ್ತಿವೆ. ಪ್ಲಾಟ್‌ಫಾರಮ್ಮಿನಲ್ಲಿ ಉಳಿದ ಬೋಗಿಗಳ ಮೇಲೆ ರೋಮ್ ಅಂತ ಬೋರ್ಡು. ನಾನು ಯಾವ ದೇಶಕ್ಕೂ ಸೇರದವನ ಹಾಗೆ ಲುಂಗಿಯಲ್ಲಿ ನಿಂತಿದ್ದೆ. ಅಳು ಬಂತು. ಸುಳ್ಳು ಯಾಕೆ ಹೇಳಲಿ, ತಂಗಿ ಗೇಟಿನಲ್ಲಿ ಡಬ್ಬಿ ಹಿಡಿದು ನಿಂತಿರೋದು ಕಣ್ಣಿಗೆ ಕಟ್ಟಿ ಅಳು ಬಂತು.

ರೋಮಿನ ಬೋಗಿಯನ್ನಾದರೂ ಹತ್ತಿಬಿಡೋಣ, ರೈಲಿನೊಳಗೆ ಇರೋದು ಮೇಲು ಅಂತ ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಹಿಂದಿನಿಂದ ಯಾರೋ ಸ್ವೆಟರು ಹಿಡಿದು ಜಗ್ಗಿದರು. ಅವನೇ. ಆ ಚೀಲ ಈಗ ಉಬ್ಬಿತ್ತು, ಬಿಸಿ ಬ್ರೆಡ್ಡಿನ ವಾಸನೆ. ಕೈಯಲ್ಲಿ ಹಾಲಿನ ಕ್ರೇಟು. ಬೋಗಿಯವರ ಬೆಳಗಿನ ತಿಂಡಿಗೆ ಬ್ರೆಡ್ಡು ತರೋಕೆ ಹೋಗಿದ್ದ ಮನುಷ್ಯ. ನನ್ನ ಲುಂಗಿ, ಕಾಲುಚೀಲ ನೋಡಿ ಅವನಿಗೆ ಎಲ್ಲಾ ಅರ್ಥವಾಯಿತು ಅಂತ ಕಾಣುತ್ತೆ. ರೋಮಿನ ಬೋರ್ಡಿಗೆ ಬೆರಳು ತೋರಿಸಿ ಬೇಡ ಅಂದ. ನಾನು ಗಟ್ಟಿಯಾಗಿ ಹಿಡಿದಿದ್ದ ಅವನ ನಂಬರಿನ ತಗಡನ್ನು ಮುಟ್ಟಿ, ನೆಲ ತೋರಿಸಿ, ಇಲ್ಲೇ ನಿಲ್ಲು ಅಂದ. ಆಮೇಲೆ ಹಾಲಿನ ಕ್ರೇಟನ್ನು ನನ್ನ ಕೈಗಿಟ್ಟ.

ನಂಬೋದಾ ಬಿಡೋದಾ ಅಂತ ಯೋಚಿಸೋಕೆ ಕೈ ಖಾಲಿ ಇರಲಿಲ್ಲ. ರೋಮಿನ ಭಾಗ ಕಣ್ಮುಂದೆಯೇ ಹೊರಟುಹೋಯಿತು. ಪ್ಲಾಟ್‌ಫಾರಮ್ಮು ಬರಿದಾಯಿತು. ಸ್ವಲ್ಪ ಹೊತ್ತಿಗೆ ಬೇರೆ ಎಂಜಿನ್ನು ತಗುಲಿಸಿಕೊಂಡು ನಮ್ಮ ಬೋಗಿ ಅದೇ ಪ್ಲಾಟ್‌ಫಾರಮ್ಮಿಗೆ ಹಿಂದಕ್ಕೆ ಬಂದು ನಿಂತಿತು.

ಒಳಗೆ ಬೇರೆ ರಾಮಾಯಣ. ಅಜ್ಜಿ ಮೇಲಿನ ಹಲಗೆಯಲ್ಲಿ ಕಾಲು ಇಳಿಬಿಟ್ಟು ಕೂತು ಕೂಗಾಡುತ್ತಿದ್ದಾರೆ. ಮೇಸ್ತ್ರಿ ಕೈ ಮುಗಿದು ನಿಂತಿದ್ದಾರೆ. ರಾತ್ರಿ ಅವರು ಪೆಟ್ಟಿಗೆಗೆ ಸರಪಳಿ ಬಿಗಿದದ್ದು ಏಣಿಗೆ. ಆಮೇಲೆ ಏಣಿಯನ್ನೂ ಪೆಟ್ಟಿಗೆಯನ್ನೂ ಸೇರಿಸಿ ಸೀಟಿನಡಿ ತಳ್ಳಿ ಮಲಗಿದ್ದರು. ಅಜ್ಜಿಗೆ ಕಕ್ಕಸಿಗೆ ಇಳಿಯೋಕೆ ದಾರಿ ಇಲ್ಲ. ಎಷ್ಟು ಹೊತ್ತಿನಿಂದ ತಡೆದುಕೊಂಡಿದ್ದರೋ ಪಾಪ. ಹುಡುಗರು ಎತ್ತಿ ಇಳಿಸ್ತೀವಿ ಅಂದರೆ ಒಪ್ಪಲಿಲ್ಲವಂತೆ.

"ಎಲ್ಲಿ ಆಳಾಗೋಗಿದ್ದೆ, ಬೀಗ್ದ ಕೈ ತತ್ತಾ" ಅಂದರು ಮೇಸ್ತ್ರಿ. ನಾನು ಬೀಗ ತೆಗೆದು ಏಣಿ ಇಟ್ಟೆ. ಅಜ್ಜಿ ಇಳಿದು, ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ಹೊರಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಬೆಳಕು ಬಂದ ಮೇಲೆ ಅಟೆಂಡರು ತಟ್ಟೆ ಹಿಡಿದು ಬಂದ. ಕಾಫಿ, ಬ್ರೆಡ್ಡು, ಬೆಣ್ಣೆ, ಜಾಮು. ತಟ್ಟೆಯ ಪಕ್ಕದಲ್ಲೇ ಪಾಸ್‌ಪೋರ್ಟು, ಟಿಕೆಟ್ಟು. ಎಲ್ಲರಿಗೂ ಕೊಟ್ಟಾದ ಮೇಲೂ ನಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ಎದೆ ಮೇಲೆ ಕೈ ಆಡಿಸಿಕೊಂಡ.

"ಇನಾಮಿಗೆ ನಿಂತವ್ನೆ. ತಿರುಗ್‌ಬ್ಯಾಡ" ಅಂದರು ಮೇಸ್ತ್ರಿ, ಬ್ರೆಡ್ಡಿನಿಂದ ಕಣ್ಣೆತ್ತದೆ.

ಅವನ ಮುಖ ನೋಡೋಕೆ ನನಗೆ ಮೊದಲೇ ನಾಚಿಕೆ. ಕಿಟಕಿ ಕಡೆ ತಿರುಗಿ ಕೂತೆ. ಯಾವುದೋ ಕೋಣೆಯಿಂದ ಕರೆದರು, ಹೋದ.

ಮಿಲಾನಿನಿಂದ ಬಸ್ಸು ಹಿಡಿದು ಮಿಲ್ಲು ಸೇರಿದಾಗ ಹತ್ತಕ್ಕೆ ಐದು ನಿಮಿಷ. ಏಜೆಂಟ ಸ್ನಾನ ಮಾಡಿ, ಸೆಂಟು ಹಾಕಿಕೊಂಡು, ನಗುತ್ತಾ ನಿಂತಿದ್ದ. ನನ್ನ ಕಣ್ಣಿನಲ್ಲಿ ಮರಳು ಹಾಕಿದ ಹಾಗಿತ್ತು. ನೂಲು ಸುತ್ತೋ ಸ್ಪಿಂಡಲ್ಲುಗಳನ್ನು ಸಾಲಾಗಿ ತಿರುಗಿಸಿ ನೋಡಿದೆ, ಸರಿ ಇದ್ದವು. ರೋಲರುಗಳಿಗೆ ಗೇಜು ಹಿಡಿದೆ, ಪರವಾಗಿಲ್ಲ. ಕೊನೆಗೆ ಗೇರ್ ಬಾಕ್ಸಿನ ಮುಚ್ಚಳ ತೆಗೆದೆ. ಒಳಗೆ ಹಲ್ಲಿನ ತುಂಬ ಹೊಸಾ ಗ್ರೀಸು, ದಪ್ಪಗೆ, ಬೆಣ್ಣೆ ಮೆತ್ತಿದ ಹಾಗೆ. ಹಳೇ ಮೆಷಿನ್ನಿನಲ್ಲಿ ಹೊಸ ಗ್ರೀಸು ಕಂಡರೆ ಒರೆಸಿ ನೋಡು ಅನ್ನೋದು ಫಿಟ್ಟರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಒರೆಸೋ ಬನಿಯನ್ ವೇಸ್ಟು ಕೈಯಲ್ಲೇ ಇತ್ತು.

ಏಜೆಂಟ ಗಡಿಯಾರ ನೋಡಿದ. ಮೇಸ್ತ್ರಿ, "ಸೀಲ್ ಐತಲ್ಲಾ, ಮುಗ್ಸು" ಅಂದರು. ಅವೆರಡನ್ನೂ ನಾನು ಲೆಕ್ಕಕ್ಕೆ ತಗೋತಿರಲಿಲ್ಲ. ನನ್ನನ್ನು ತಡೆದದ್ದು ಬೇರೆ. ರಾತ್ರಿಯೆಲ್ಲ ಒಬ್ಬ ಒಳ್ಳೇ ಮನುಷ್ಯನನ್ನು ಕಳ್ಳ ಅಂತ ಕಾದು ಕೂತಿದ್ದೆನಲ್ಲ, ಅವನು ನನ್ನ ಕೈಗೆ ಹಾಲಿನ ಕ್ರೇಟು ಕೊಟ್ಟಿದ್ದನಲ್ಲ, ಅದು ತಲೆಯಿಂದ ಹೋಗಿರಲಿಲ್ಲ. ಎಷ್ಟು ಜನರ ಮೇಲೆ ಅನುಮಾನ ಪಡ್ತೀಯ, ಸಾಕು ಮಾಡು ಅಂತ ನನಗೇ ಹೇಳಿಕೊಂಡೆ. ಮುಚ್ಚಳ ಮುಚ್ಚಿ ಸಹಿ ಹಾಕಿದೆ.

ನಾಲ್ಕು ತಿಂಗಳ ಮೇಲೆ ಮೆಷಿನ್ನು ನಂಜನಗೂಡಿಗೆ ಬಂತು. ಅರಿಶಿನ ಕುಂಕುಮ ಹಚ್ಚಿ ಓಡಿಸಿದೆವು. ಒಂಬತ್ತನೇ ದಿನ ಗೇರ್ ಬಾಕ್ಸಿನಿಂದ ಕಟಕಟ ಸದ್ದು. ಗ್ರೀಸು ಒರೆಸಿದರೆ ಮುಖ್ಯ ಗೇರಿನ ಐದು ಹಲ್ಲು ಮುರಿದು, ವೆಲ್ಡಿಂಗ್ ತುಂಬಿ, ಉಜ್ಜಿ ನೈಸು ಮಾಡಿದ್ದು. ಬದಲಿ ಗೇರು ಎಲ್ಲೂ ಸಿಗಲಿಲ್ಲ, ಇಲ್ಲಿ ಕೊರೆಸಿದ್ದು ತಾಳಲಿಲ್ಲ. ಏಜೆಂಟನಿಗೆ ಫ್ಯಾಕ್ಸ್ ಮಾಡಿದರೆ, ನಿಮ್ಮ ಫಿಟ್ಟರೇ ನೋಡಿ ಸಹಿ ಹಾಕಿದ್ದಾನೆ ಅಂತ ಉತ್ತರ ಬಂತು, ಸೀಲು ಸಮೇತ. "ಒಳಗೆ ನೋಡಿದ್ಯೇನಯ್ಯಾ?" ಅಂತ ಮಾಲೀಕರು ಕೇಳಿದರು. "ನೋಡ್ದೆ ಸಾ, ಕಾಣಿಸ್ಲಿಲ್ಲ" ಅಂದೆ. ಮೇಸ್ತ್ರಿ ಪಕ್ಕದಲ್ಲೇ ಇದ್ದರು. ಎರಡನೇ ಪಾಳಿ ಪೂರ್ತಿ ನಿಂತಿತು. ಬದಲಿಯವರಿಗೆ ಇನ್ನು ಬರಬೇಡಿ ಅಂದರು. ತಂಗಿಗೂ ನಾನು ಅದನ್ನೇ ಹೇಳಿದ್ದು, ಕಾಣಿಸ್ಲಿಲ್ಲ ಅಂತ. ಅವಳು ನಂಬಿದಳು.

ಅಟೆಂಡರಿನ ನಂಬರಿನ ಬಿಲ್ಲೆ ಸಿಕ್ಕಿದ್ದು ಇಟಲಿಯಿಂದ ಊರಿಗೆ ಬಂದು ಸ್ವೆಟರು ಒಗೆಯೋಕೆ ಹಾಕುವಾಗ, ಅದರ ಜೇಬಿನಲ್ಲಿ. ಅವನು ಬಾಗಿಲಲ್ಲಿ ಯಾಕೆ ನಿಂತಿದ್ದ, ಎದೆ ಯಾಕೆ ಸವರಿಕೊಂಡ ಅನ್ನೋದು ಅವತ್ತು ಗೊತ್ತಾಯಿತು. ಯಾರಿಗೆ ಕಳಿಸಲಿ, ವಿಳಾಸ ಗೊತ್ತಿಲ್ಲ. ಆ ರಾತ್ರಿ ಆ ಬೋಗಿಯಲ್ಲಿ ಕಳುವಾದ ವಸ್ತು ಅಂದರೆ ಅದೊಂದೇ. ಟೂಲ್ ಬಾಕ್ಸಿನ ತಳಕ್ಕೆ ಹಾಕಿಬಿಟ್ಟೆ.

ಸುಮಾರು ಹತ್ತು ವರ್ಷದ ಮೇಲೆ, ತಂಗಿ ಸ್ಕೂಲಿನಲ್ಲಿ ಬಿಸಿಯೂಟ ಮಾಡೋ ಕೆಲಸಕ್ಕೆ ಸೇರಿಕೊಂಡಿದ್ದಳು. ಕುಕ್ಕರಿನ ಹಿಡಿ ಸಡಿಲ ಆಗಿದೆ ಅಂತ ಸ್ಕ್ರೂಡ್ರೈವರಿಗೆ ಬಂದವಳು ಬಾಕ್ಸು ತಡಕಿ ಅದನ್ನು ಎತ್ತಿಕೊಂಡಳು. "ಇದ್ಯಾರ್ದಣ್ಣಾ?"

ಅಂದು ಯಾಕೋ ಎಲ್ಲಾ ಹೇಳಿಬಿಟ್ಟೆ. ಪಾಸ್‌ಪೋರ್ಟು, ಏಣಿ, ಬ್ರೆಡ್ಡು. ಆಮೇಲೆ ಗ್ರೀಸು. ಗ್ರೀಸು ಕಂಡಿತ್ತು, ಒರೆಸಲಿಲ್ಲ ಅಂತಲೂ ಹೇಳಿದೆ. ಅವಳು ಆ ತಗಡಿನ ನಂಬರನ್ನು ಸೆರಗಿನಲ್ಲಿ ಉಜ್ಜಿದಳು.

"ಬಿಲ್ಲೆ ಕಳ್ಕಂಡ್ರೆ ಅವ್ರಲ್ಲೂ ದಂಡ ಆಕ್ತಾರಾ?"

"ಹಾಕಿರ್ತಾರೆ."

"ಅಂಗಾದ್ರೆ ಅವನ್ಗೂ ನಂಗೂ ದಂಡ ಆಕ್ಸಿದ್ದು ನೀನೇ ಬುಡಣ್ಣಾ" ಅಂದಳು. ದನಿ ಏರಲಿಲ್ಲ.

ಬಿಲ್ಲೆಯನ್ನು ಇದ್ದ ಜಾಗದಲ್ಲೇ ಇಟ್ಟು, ಸ್ಕ್ರೂಡ್ರೈವರ್ ನಾಳೆ ತಂದುಕೊಡ್ತೀನಿ ಅಂತ ಹೋದಳು. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ತಂದುಕೊಟ್ಟಳು.